ಗ್ಯಾಸ್ ತುಂಬಿಸುವ ಮುನ್ನ

ಬಿಸಿಲು ಏರಿದೊಡನೆ ಜತ್ತ ತಾಲ್ಲೂಕಿನಲ್ಲಿ, ಉಮದಿ-ಸಂಖದ ಕಡೆಯಿಂದ ವಿಜಯಪುರಕ್ಕೆ ಹೋಗುವ ಕಾರಾಗಲಿ, ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಬಂದ ಕಾರಾಗಲಿ, ಎ.ಸಿ. ಕೈಕೊಟ್ಟರೆ ಸಿಗುವ ಮೊದಲ ಸಲಹೆ ಗ್ಯಾಸ್ ತುಂಬಿಸುವುದು. ಈ ಅಂಕಣ ಮೊದಲಿನಿಂದಲೂ ವಿರೋಧಿಸುತ್ತ ಬಂದಿರುವುದು ಈ ಪಂಥವನ್ನೇ. ಶೀತಕ, ಅಂದರೆ ಕಾರಿನೊಳಗಿನ ಶಾಖವನ್ನು ಹೊರಗೆ ಸಾಗಿಸುವ ಆರ್-134ಎ ಮುಂತಾದ ಅನಿಲ, ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ರಬ್ಬರ್ ಪೈಪುಗಳಿಂದ ವರ್ಷಗಟ್ಟಲೆ ಹೊತ್ತಿನಲ್ಲಿ ತುಸು ಜಿನುಗುವುದನ್ನು ಬಿಟ್ಟರೆ, ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ನಿಂತ ಕಾರಿಗೆ ಗೇಜ್ ಹಚ್ಚಿ, ಮುಳ್ಳು ಏರಿದ್ದನ್ನು ಕಂಡು ಗ್ಯಾಸ್ ಸಾಕಷ್ಟಿದೆ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು. ಒಳಗೆ ಸ್ವಲ್ಪವಾದರೂ ದ್ರವರೂಪದ ಶೀತಕ ಉಳಿದಿರುವವರೆಗೆ ಒತ್ತಡವು ತಾಪಮಾನವನ್ನು ಅನುಸರಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ: ಆರ್-134ಎ 30 ಡಿಗ್ರಿಯಲ್ಲಿ ಸುಮಾರು 97 ಪಿ.ಎಸ್.ಐ., 40 ಡಿಗ್ರಿಯಲ್ಲಿ ಸುಮಾರು 133 ತೋರಿಸುತ್ತದೆ, ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಆದ್ದರಿಂದ ಇದ್ದದ್ದನ್ನು ಹೊರತೆಗೆದು, ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಎಳೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ನಮೂದಿಸಿರುವಷ್ಟು ಗ್ರಾಂ ತೂಗಿ ತುಂಬುವುದೊಂದೇ ಸರಿಯಾದ ಕ್ರಮ.

ಅದಕ್ಕೂ ಮೊದಲು ನೋಡಬೇಕಾದದ್ದು ಕಂಡೆನ್ಸರ್, ಅಂದರೆ ರೇಡಿಯೇಟರಿನ ಮುಂದೆ ನಿಂತು ಶಾಖವನ್ನು ಹೊರಗಾಳಿಗೆ ಬಿಡುವ ಜಾಲರಿ. ಕಪ್ಪು ಮಣ್ಣಿನ ಧೂಳು, ಜೋಳದ ಹೊಟ್ಟು, ಸತ್ತ ಹುಳಗಳು ಅದರ ತೆಳು ತಗಡುಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿರುತ್ತವೆ. ಓಡುವಾಗ ತಂಪು ಬಂದು, ನಿಂತಾಗ ಬಿಸಿಗಾಳಿ ಬಂದರೆ ದೋಷ ಬಹುಪಾಲು ಈ ಜಾಲರಿಯಲ್ಲೋ ಅದರ ಫ್ಯಾನಿನಲ್ಲೋ ಇರುತ್ತದೆ. ಅಂಥ ಕಾರಿಗೆ ಮತ್ತಷ್ಟು ಗ್ಯಾಸ್ ತುಂಬಿದರೆ ಒತ್ತಡ ಇನ್ನೂ ಏರಿ, ರಕ್ಷಣೆಗೆಂದು ಇಟ್ಟ ಪ್ರೆಷರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತದೆ. ಸೋರುವ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ, ಧೂಳಿನ ಸೀಮೆಯಲ್ಲಿ ಸೋರುವ ಜಾಯಿಂಟು ತನ್ನ ಗುರುತನ್ನು ತಾನೇ ಕೊಡುತ್ತದೆ: ಸುತ್ತಲಿನ ಪೈಪೆಲ್ಲ ಒಣ ಬೂದುಬಣ್ಣದ್ದಾಗಿದ್ದರೆ, ಅದೊಂದೇ ಕಡೆ ಕಪ್ಪು ಜಿಡ್ಡು ಕಟ್ಟಿರುತ್ತದೆ.

ಫ್ಯೂಸ್, ರಿಲೇ, ಕ್ಲಚ್‌ಗಳ ಪರೀಕ್ಷೆ ಮುಂದಿನ ವಾರಕ್ಕಿರಲಿ, ಏಕೆಂದರೆ ಜತ್ತದ ಒಣ ಹವೆಗೇ ಸೇರಿದ ಇನ್ನೊಂದು ಸಂಗತಿ ಹೆಚ್ಚು ಮಹತ್ವದ್ದು. ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ, ಹಾಗಾಗಿ ಎ.ಸಿ. ಕೆಟ್ಟಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ನೀರು ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಇಳಿದದ್ದು. ಮಳೆಯ ನೆರಳಿನ ಈ ಸೀಮೆಯ ಬೇಸಿಗೆಯ ಗಾಳಿಯಲ್ಲಿ ಅಷ್ಟು ತೇವವೇ ಇರುವುದಿಲ್ಲ. 1902ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗುವುದನ್ನು ತಡೆಯಲು ಯಂತ್ರ ರೂಪಿಸಿದ ವಿಲಿಸ್ ಕ್ಯಾರಿಯರ್, 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಓದಿದ ಪ್ರಬಂಧದಲ್ಲಿ ಗಾಳಿಯ ಶಾಖ ಮತ್ತು ತೇವಗಳ ಸಂಬಂಧವನ್ನು ಸೂತ್ರಗಳಿಗೆ ಇಳಿಸಿದ, ಮತ್ತು ಈ ವಿದ್ಯೆಯಲ್ಲಿ ಅದಕ್ಕಿಂತ ಹಿರಿದಾದ ಗ್ರಂಥ ಇನ್ನೊಂದಿಲ್ಲ. ಒಂದು ಗ್ರಾಂ ಆವಿಯನ್ನು ನೀರಾಗಿಸಲು ತೆಗೆಯಬೇಕಾದ ಶಾಖದಲ್ಲಿ ಒಂದು ಕಿಲೋ ಒಣ ಗಾಳಿಯನ್ನು ಸುಮಾರು 2.4 ಡಿಗ್ರಿ ತಣಿಸಬಹುದು. ಅಂದಮೇಲೆ ಜತ್ತದಲ್ಲಿ ಎ.ಸಿ.ಯ ಬಲವೆಲ್ಲ ತಣಿಸುವುದಕ್ಕೇ ಒದಗುತ್ತದೆ, ಮತ್ತು ಗ್ಯಾಸ್ ಸ್ವಲ್ಪ ಇಳಿದಿದ್ದರೂ ಕೊರತೆ ತೋರುವುದಿಲ್ಲ. ಅದೇ ಕಾರು ಗುಹಾಗರದ ಹೆದ್ದಾರಿ ಹಿಡಿದು, ಕರಾಡ ದಾಟಿ, ಕುಂಭಾರ್ಲಿ ಘಾಟಿ ಇಳಿದೊಡನೆ ಬಲದ ದೊಡ್ಡ ಪಾಲು ಕೊಂಕಣದ ತೇವವನ್ನು ಹಿಂಡುವುದರಲ್ಲೇ ಕಳೆದು, ತಂಪು ಸಾಲದಾಗುತ್ತದೆ. ಮರಳಿ ಬಂದ ಮಾಲೀಕ ಎ.ಸಿ. ಕೊಂಕಣದಲ್ಲಿ ಕೆಟ್ಟಿತೆನ್ನುತ್ತಾನೆ, ಜತ್ತದ ಮೆಕ್ಯಾನಿಕ್ ಪರೀಕ್ಷಿಸಿ ಸರಿಯಾಗಿದೆ ಎನ್ನುತ್ತಾನೆ. ದೋಷವಾದರೋ ಹೊರಡುವ ಮುಂಚೆಯೇ ಯಾವುದೋ ಜಾಯಿಂಟಿನಲ್ಲಿ ಜಿಡ್ಡಾಗಿ ಕಾಣಿಸಿಕೊಂಡಿರುತ್ತದೆ.