ಒಲವಿಗೆ ಮುಂಚಿನ ಜಗಳ

ಕಾಫಿ ಅಂಗಡಿಯ ಬಾಗಿಲಲ್ಲಿ ಇಬ್ಬರು ಹೆಂಗಸರು ಢಿಕ್ಕಿ ಹೊಡೆಯುತ್ತಾರೆ. ಒಬ್ಬಳ ಬೆಳ್ಳನೆಯ ಉಡುಪಿನ ಮೇಲೆಲ್ಲ ಕಾಫಿ. ಅವಳಿಗೆ ಅಂದು ದೊಡ್ಡ ಕೆಲಸವೊಂದರ ಮೊದಲ ದಿನ. ಎದುರಿನವಳನ್ನು ಹಿಂದೆಮುಂದೆ ನೋಡದೆ ಬೈದುಬಿಡುತ್ತಾಳೆ. ಆಮೇಲೆ ಕೆಲಸದ ಜಾಗಕ್ಕೆ ಹೋದರೆ ಅಲ್ಲಿ ಮುಖ್ಯ ಬಡಗಿಯಾಗಿ ನಿಂತಿರುವವಳು ಅವಳೇ.

ಆಶ್ಲಿ ಹೆರಿಂಗ್ ಬ್ಲೇಕ್ ಬರೆದ ‘ಆಸ್ಟ್ರಿಡ್ ಪಾರ್ಕರ್ ಡಸಂಟ್ ಫೇಲ್’ (2022) ಕಾದಂಬರಿ ಶುರುವಾಗುವುದು ಹೀಗೆ. ಕಥೆ ನಡೆಯುವ ಬ್ರೈಟ್ ಫಾಲ್ಸ್, ಅಮೆರಿಕದ ಆರೆಗನ್ ರಾಜ್ಯದಲ್ಲಿದೆ ಎಂದು ಲೇಖಕಿ ಕಲ್ಪಿಸಿಕೊಂಡ ಪುಟ್ಟ ಊರು. ಹಗೆಯಿಂದ ಹೊರಟು ಒಲವಿಗೆ ಬರುವ ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ‘ಎನಿಮೀಸ್ ಟು ಲವರ್ಸ್’ ಅನ್ನುತ್ತಾರೆ. ಒಲಿಯುವವರಿಬ್ಬರೂ ಹೆಣ್ಣಾದರೆ ಗ್ರೀಸಿನ ಹಳೆಯ ಕವಯಿತ್ರಿ ಸ್ಯಾಫೋ ಹೆಸರಲ್ಲಿ ‘ಸ್ಯಾಫಿಕ್’ ಎಂಬ ಮಾತು ಸೇರಿಕೊಳ್ಳುತ್ತದೆ.

ಕೊನೆಗೆ ಇಬ್ಬರೂ ಒಂದಾಗ್ತಾರೆ ಅಂತ ಮೊದಲೇ ಗೊತ್ತಲ್ಲ, ಓದೋದೇನಿದೆ ಎಂದು ಹೊಸಬರು ಕೇಳುವುದುಂಟು. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವವರು ನಾವು. ಕೊನೆ ಗೊತ್ತಿರುವುದರಿಂದಲೇ ಕಣ್ಣು ಬೇರೆ ಕಡೆ ಹೊರಳಲು ಬಿಡುವಾಗುತ್ತದೆ.

ಎಲ್ಲಿಗೆ ಹೊರಳಬೇಕು? ಮೊದಲು ಜಗಳದ ಕಡೆಗೆ. ನಮ್ಮ ಕಾವ್ಯಗಳ ಪ್ರಣಯಕಲಹ ಒಲಿದ ಮೇಲಿನ ಮುನಿಸು. ಅದರ ಒಳಗೆ ಸಲಿಗೆಯಿರುತ್ತದೆ. ಇಲ್ಲಿ ಜಗಳವೇ ಮೊದಲು, ಸಲಿಗೆಯ ಸುಳಿವೂ ಇಲ್ಲ. ಹಾಗಾಗಿ ಕೋಪಕ್ಕೆ ಅದರದೇ ಗಟ್ಟಿ ಕಾರಣ ಬೇಕು. ಬ್ಲೇಕ್ ಪುಸ್ತಕದಲ್ಲಿ ಕಾಫಿ ಬರೀ ನೆಪ. ನಿಜವಾದ ತಕರಾರು ಎವರ್‌ವುಡ್ ಎಂಬ ಹಳೇ ತಂಗುಮನೆಯದು. ಟಿವಿ ಕಾರ್ಯಕ್ರಮವೊಂದಕ್ಕಾಗಿ ಅದನ್ನು ಹೊಸದು ಮಾಡಬೇಕಿದೆ. ಒಳಾಂಗಣ ವಿನ್ಯಾಸಕಿ ಆಸ್ಟ್ರಿಡ್‌ಗೆ ಎಲ್ಲವೂ ನುಣುಪಾಗಿ, ತಿಳಿಬಣ್ಣದಲ್ಲಿ, ಈ ಕಾಲದ್ದಾಗಿ ಇರಬೇಕು. ಬಡಗಿ ಜಾರ್ಡನ್‌ಗೆ ಅದು ಅಜ್ಜಿಯ ಮನೆ. ಅದರ ಹಳೆತನವನ್ನು ಒರೆಸಿಹಾಕುವುದನ್ನು ಅವಳು ಸಹಿಸಳು. ಗೋಡೆಯ ಬಣ್ಣದ ಬಗ್ಗೆ ಕಿತ್ತಾಡುತ್ತ ಇಬ್ಬರೂ ತಾವು ಎಂಥವರು ಎಂಬುದನ್ನು ಹೇಳಿಕೊಂಡುಬಿಡುತ್ತಾರೆ. ಜಾರ್ಡನ್ ಯೋಚಿಸಿದ ವಿನ್ಯಾಸವೇ ಚೆನ್ನಾಗಿದೆ ಎಂದು ಆಸ್ಟ್ರಿಡ್‌ಗೆ ಹೊಳೆಯುವುದು ನನ್ನ ಪ್ರಕಾರ ಇಡೀ ಪುಸ್ತಕದ ತಿರುವು. ಮುತ್ತಿನ ಪುಟ ಹುಡುಕುವವರು ಇದನ್ನು ದಾಟಿ ಹೋಗಿಬಿಡುತ್ತಾರೆ. ಆಮೇಲೆ ಕ್ಯಾಮೆರಾ ಮುಂದೆ ಆ ವಿನ್ಯಾಸ ತನ್ನದೆಂದೇ ಅವಳು ನಟಿಸಬೇಕಾಗುತ್ತದೆ. ಗುಟ್ಟಿನಲ್ಲಿ ಪಾಲುದಾರರಾದವರು ಹಗೆಗಳಾಗಿ ಎಷ್ಟು ದಿನ ಉಳಿದಾರು?

ನಮಗೆ ಹಗೆ-ಒಲವಿನ ಕಥೆ ಹೊಸದೇನಲ್ಲ. ಷೇಕ್ಸ್‌ಪಿಯರನ ನಾಟಕದ ನೆರಳಿರುವ ‘ನಂಜುಂಡಿ ಕಲ್ಯಾಣ’ (1989) ನೋಡಿ ನಕ್ಕವರೇ ನಾವೆಲ್ಲ. ಆದರೆ ಅದು ಗಂಡಾದವನು ಹೆಣ್ಣಿನ ಸೊಕ್ಕು ಮುರಿಯುವ ಕಥೆ. ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ಎಷ್ಟೋ ನಯವಾದದ್ದು, ಅಲ್ಲಿ ಇಬ್ಬರೂ ಬಾಗುತ್ತಾರೆ. ಆದರೂ ಎಸ್ಟೇಟು ಇರುವುದು ನಾಯಕ ಡಾರ್ಸಿಯ ಹೆಸರಲ್ಲೇ. ಇಬ್ಬರೂ ಹೆಂಗಸರಾದಾಗ ಪಳಗಿಸುವ ಹಕ್ಕು ಹುಟ್ಟಿನಿಂದ ಯಾರಿಗೂ ಬರುವುದಿಲ್ಲ. ತಕ್ಕಡಿ ವಾಲಬೇಕೆಂದರೆ ಲೇಖಕಿ ಬೇರೆ ತೂಕ ಹುಡುಕಬೇಕು: ದುಡ್ಡು, ಮನೆತನ, ಊರಲ್ಲೇ ಉಳಿದವಳು ಯಾರು, ಬಿಟ್ಟುಹೋದವಳು ಯಾರು. ಅದನ್ನು ಹುಡುಕದೆ ಒಬ್ಬಳಿಗೆ ‘ಗಂಡಿನ ಪಾತ್ರ’ ಕೊಟ್ಟು ಮುಗಿಸಿದ ಪುಸ್ತಕಗಳೂ ಇವೆ. ಹತ್ತು ಪುಟದಲ್ಲೇ ಗೊತ್ತಾಗುತ್ತದೆ, ಕೆಳಗಿಡಿ.

ಇನ್ನು ಊರು. ದೊಡ್ಡ ನಗರದಲ್ಲಿ ಜಗಳವಾಡಿದವರ ಮುಖ ಮತ್ತೆ ನೋಡದೆ ಬದುಕಬಹುದು. ಸಣ್ಣ ಊರಲ್ಲಿ ಮರುದಿನ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಅವರೇ ಸಿಗುತ್ತಾರೆ, ಅಷ್ಟರಲ್ಲಿ ಊರ ಬಾಯಿ ನಿಮ್ಮ ಜಗಳಕ್ಕೆ ಎರಡು ಕಂತು ಸೇರಿಸಿರುತ್ತದೆ. ಈ ಪ್ರಕಾರದ ಎಂಜಿನ್ನೇ ಅದು.

ಆದರೆ ಇಂಥ ಊರು ಈ ಕಥೆಗಳಿಗೆ ಸುಲಭವಾಗಿ ಸಿಕ್ಕಿದ್ದಲ್ಲ. 1952ರಲ್ಲಿ ಮ್ಯಾರಿಜೇನ್ ಮೀಕರ್, ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ ‘ಸ್ಪ್ರಿಂಗ್ ಫೈರ್’ ಬರೆದಾಗ, ಕಾಲೇಜು ಹುಡುಗಿಯರಿಬ್ಬರ ಆ ಕಥೆ ಸುಖವಾಗಿ ಮುಗಿಯಕೂಡದೆಂದು ಪ್ರಕಾಶಕರೇ ಹೇಳಿದ್ದರು. ಸುಖಾಂತ್ಯವಾದರೆ ಅಶ್ಲೀಲವೆಂದು ಅಂಚೆ ಇಲಾಖೆ ಕಟ್ಟು ಹಿಡಿದಿಟ್ಟುಕೊಂಡೀತೆಂಬ ಭಯ. ಹಾಗಾಗಿ ಒಬ್ಬಳಿಗೆ ಹುಚ್ಚು ಹಿಡಿಯಿತು, ಇನ್ನೊಬ್ಬಳು ತಾನು ಪ್ರೀತಿಸಿರಲೇ ಇಲ್ಲ ಅಂದುಕೊಂಡಳು. ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ‘ದ ಪ್ರೈಸ್ ಆಫ್ ಸಾಲ್ಟ್’ ಕಾದಂಬರಿಯ ಇಬ್ಬರು ನಾಯಕಿಯರನ್ನು ಕೊನೆಗೆ ಸಾಯಿಸದೆ, ಬೇರೆ ಮಾಡದೆ ಬಿಟ್ಟಳು. ಹೆಸರು ಮಾತ್ರ ತನ್ನದು ಹಾಕಲಿಲ್ಲ, ಕ್ಲೇರ್ ಮಾರ್ಗನ್ ಎಂದು ಹಾಕಿಕೊಂಡಳು. 1973ರಲ್ಲಿ ಶುರುವಾದ ನೇಯಡ್ ಪ್ರೆಸ್ ಇಂಥ ಪುಸ್ತಕಗಳನ್ನು ಓದುಗರ ಮನೆಗೆ ತಲುಪಿಸಿದ್ದು ಅದೇ ಅಂಚೆಯಲ್ಲಿ! ಸುಖಾಂತ್ಯ ಸಪ್ಪೆ ಎಂದು ಮೂಗು ಮುರಿಯುವ ಮುನ್ನ ಇದಿಷ್ಟು ನೆನಪಿರಲಿ.

ಆ ಕಾಲದ ಕಥೆಗಳಲ್ಲಿ ಹುಡುಗಿ ಊರು ಬಿಟ್ಟು ನ್ಯೂಯಾರ್ಕಿನಂಥ ಶಹರ ಸೇರುವುದೇ ಬಿಡುಗಡೆ. ಈಗಿನವು ಅವಳನ್ನು ವಾಪಸ್ ಕರೆತರುತ್ತವೆ. ನಡುವಿನ ಮೆಟ್ಟಿಲಾಗಿ ಫ್ಯಾನಿ ಫ್ಲ್ಯಾಗ್ ಅವರ ‘ಫ್ರೈಡ್ ಗ್ರೀನ್ ಟೊಮೇಟೋಸ್ ಅಟ್ ದ ವಿಸಲ್ ಸ್ಟಾಪ್ ಕೆಫೆ’ (1987) ಓದಬಹುದು. ಅಲಬಾಮಾದ ರೈಲುದಾರಿಯ ಬದಿಯಲ್ಲಿ ಇಡ್ಜಿ, ರೂತ್ ಇಬ್ಬರೂ ಹೋಟೆಲು ನಡೆಸುತ್ತಾರೆ, ಮಗು ಸಾಕುತ್ತಾರೆ. ಹಗೆಯ ಕಥೆಯಲ್ಲ ಅದು. ಊರೊಂದು ಇಬ್ಬರನ್ನು ತನ್ನೊಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದಕ್ಕಾಗಿ ಓದಿ.

ಊರು ಅಷ್ಟು ಒಳ್ಳೆಯದಲ್ಲದಿದ್ದರೆ? ಕೇಸಿ ಮೆಕ್ವಿಸ್ಟನ್ ಬರೆದ ‘ಐ ಕಿಸ್ಡ್ ಶಾರಾ ವೀಲರ್’ (2022) ನೋಡಿ. ಅದೂ ಅಲಬಾಮಾದ್ದೇ, ಕಲ್ಪನೆಯ ಊರು, ಕಟ್ಟುನಿಟ್ಟಿನ ಕ್ರೈಸ್ತ ಶಾಲೆ. ಮೊದಲ ರ‍್ಯಾಂಕಿಗೆ ಪೈಪೋಟಿ ನಡೆಸುವ ಕ್ಲೋಯಿಗೆ ಪ್ರಾಂಶುಪಾಲರ ಮಗಳು ಶಾರಾ ಮುತ್ತಿಟ್ಟು ಮಾಯವಾಗುತ್ತಾಳೆ, ಗುಲಾಬಿ ಕಾಗದದ ಚೀಟಿಗಳನ್ನು ಬಿಟ್ಟು. ಹುಡುಕುತ್ತ ಹೋದ ಕ್ಲೋಯಿಗೆ ತನ್ನ ಎದುರಾಳಿಯ ಬಗ್ಗೆ ತನಗೆ ಎಷ್ಟೆಲ್ಲ ಗೊತ್ತಿದೆ ಎಂದು ತನಗೇ ಗಾಬರಿ. ಹಗೆ ಸಾಧಿಸುವವರಷ್ಟು ಗಮನವಿಟ್ಟು ನಮ್ಮನ್ನು ನೋಡುವವರು ಇನ್ಯಾರಿದ್ದಾರೆ!

ಕಳಪೆ ಸರಕೂ ಬೇಕಾದಷ್ಟಿದೆ. ಒಂದು ಫೋನಿನಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಇನ್ನೂರು ಪುಟ ಎಳೆಯುವುದು, ನಿಜಕ್ಕೂ ಕ್ರೂರವಾಗಿ ನಡೆದುಕೊಂಡವಳನ್ನು ಕ್ಷಮೆಯನ್ನೂ ಕೇಳಿಸದೆ ಅಪ್ಪಿಸಿಬಿಡುವುದು, ಊರೆಂದರೆ ಬೇಕರಿ, ಪುಸ್ತಕದಂಗಡಿ, ಹಬ್ಬದ ದೀಪ ಅಷ್ಟೇ ಎಂಬಂತೆ ಕ್ಯಾಲೆಂಡರ್ ಚಿತ್ರ ಬರೆಯುವುದು. ಬ್ಲೇಕ್ ಕೂಡ ಈ ಮೂರನೆಯದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ ಅನ್ನಿ.

ಬ್ಲೇಕ್ ಪುಸ್ತಕ ಮುಗಿದ ಮೇಲೆ ಮೊದಲ ಜಗಳವನ್ನು ಇನ್ನೊಮ್ಮೆ ಓದಿ. ಆಸ್ಟ್ರಿಡ್‌ಳ ತಾಯಿ ಎಂಥವಳು, ಮಗಳ ಉಡುಪಿನಿಂದ ಉದ್ಯೋಗದವರೆಗೆ ಎಲ್ಲವನ್ನೂ ಹೇಗೆ ಅಳೆಯುತ್ತಾಳೆ ಎಂಬುದು ಅಷ್ಟರಲ್ಲಿ ನಿಮಗೆ ಗೊತ್ತಿರುತ್ತದೆ. ಕಾಫಿ ಅಂಗಡಿಯ ಬಾಗಿಲಲ್ಲಿ ಬೈಯುತ್ತಿರುವವಳು ಮಗಳು, ದನಿ ಅಮ್ಮನದು.