ಲೆಕ್ಸಿಂಗ್ಟನ್ನಿನ ಬಯಲುನಾಟಕ

ಅಮೆರಿಕದ ಮಾಸಾಚುಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ನಗರದ ವಾಯವ್ಯಕ್ಕೆ, ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಎಂಬ ಎರಡು ಹಳೆಯ ಊರುಗಳಿವೆ. ಇಂಗ್ಲಿಷ್ ವಲಸೆಗಾರರ ಕಾಲದ ಈ ಊರುಗಳಲ್ಲಿ ವರ್ಷವರ್ಷವೂ ಏಪ್ರಿಲ್ ತಿಂಗಳಿನಲ್ಲಿ ದೇಶಭಕ್ತರ ದಿನವೆಂಬ ಉತ್ಸವವು ನಡೆಯುತ್ತದೆ. ಅಲ್ಲಿಯ ವಸಂತವು ನಮ್ಮ ಕವಿಗಳ ವಸಂತವಲ್ಲ. ಮಾವಿಲ್ಲ, ಕೋಗಿಲೆಯಿಲ್ಲ, ಮರಗಳು ಇನ್ನೂ ಬೋಳಾಗಿರುತ್ತವೆ, ಬೆಳಗಿನ ಜಾವದ ಚಳಿಯು ಎಲುಬನ್ನು ಮುಟ್ಟುತ್ತದೆ. ಅಂತಹ ಚಳಿಯಲ್ಲಿ ಜನರು ಸೂರ್ಯೋದಯಕ್ಕೆ ಮುಂಚೆಯೇ ಮಕ್ಕಳನ್ನು ಹೆಗಲಿನ ಮೇಲೆ ಕೂರಿಸಿಕೊಂಡು ಲೆಕ್ಸಿಂಗ್ಟನ್ನಿನ ಮುಕ್ಕೋಣದ ಹಸುರು ಬಯಲನ್ನು ಸುತ್ತುವರಿಯುತ್ತಾರೆ. 1775ನೆಯ ಏಪ್ರಿಲ್ 19ರಂದು ಅಲ್ಲಿ ನಡೆದುದನ್ನು ಅದೇ ನೆಲದ ಮೇಲೆ ಆಡಿ ತೋರಿಸುವರು. 1894ರಲ್ಲಿ ಸಂಸ್ಥಾನದವರು ಬಹುಕಾಲದಿಂದ ಬಂದಿದ್ದ ಉಪವಾಸದ ದಿನವೊಂದನ್ನು ತೆಗೆದುಹಾಕಿ ಈ ಹಬ್ಬವನ್ನು ಸ್ಥಾಪಿಸಿದರೆಂಬುದು ಗಮನಿಸತಕ್ಕ ಸಂಗತಿ.

ಚರಿತ್ರೆಯ ಕಥೆ ಬಹಳ ಚಿಕ್ಕದು. ಕಾಂಕರ್ಡಿನಲ್ಲಿ ಕೂಡಿಟ್ಟಿದ್ದ ಯುದ್ಧಸಾಮಗ್ರಿಯನ್ನು ನಾಶಮಾಡಲು ಬಾಸ್ಟನ್ನಿನಿಂದ ಇಂಗ್ಲಿಷ್ ದೊರೆಯ ಸುಮಾರು 700 ಮಂದಿ ಸೈನಿಕರು ರಾತ್ರಿಯಲ್ಲಿ ಹೊರಟರು. ಬೆಳಕು ಹರಿಯುವ ಹೊತ್ತಿಗೆ ಲೆಕ್ಸಿಂಗ್ಟನ್ನಿನಲ್ಲಿ ಜಾನ್ ಪಾರ್ಕರನೆಂಬ ದಳಪತಿಯ ಕೈಕೆಳಗೆ 77 ಮಂದಿ ಊರವರು ನಿಂತಿದ್ದರು. ಒಂದು ಗುಂಡು ಹಾರಿತು. ಯಾರ ಬಂದೂಕಿನಿಂದ ಹಾರಿತೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಹೊಗೆ ಚದುರುವಷ್ಟರಲ್ಲಿ ಊರವರಲ್ಲಿ ಎಂಟು ಜನ ಸತ್ತಿದ್ದರು, ಹತ್ತು ಜನ ಗಾಯಗೊಂಡಿದ್ದರು. ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಬ್ರೂಕನೆಂಬ ನೀಗ್ರೋ ದಾಸನೂ ಒಬ್ಬನು. ಯಾರ ಸ್ವಾತಂತ್ರ್ಯಕ್ಕಾಗಿ ಅವನು ನಿಂತನೆಂಬ ಪ್ರಶ್ನೆಯನ್ನು ಊರು ಬಹುಕಾಲ ಕೇಳಲಿಲ್ಲ. ಬಯಲಿನ ಬಳಿಯ ಬಕ್ಮನ್ ಛತ್ರದ ಮುಂದೆ ಅವನ ಹೆಸರಿನ ಕಲ್ಲು ನಿಂತುದು 2008ರಲ್ಲಿ.

ಇದು ನಾಟಕವೋ, ಶ್ರಾದ್ಧವೋ? ವೇಷ ಹಾಕುವವರು ವೃತ್ತಿಯ ನಟರಲ್ಲ, ನೆರೆಹೊರೆಯವರು. ಒಬ್ಬೊಬ್ಬನೂ ಆ ದಿನ ಅಲ್ಲಿದ್ದ ಒಬ್ಬ ನಿಜವಾದ ಮನುಷ್ಯನ ಹೆಸರನ್ನು ಹೊತ್ತುಕೊಳ್ಳುತ್ತಾನೆ. ಗುಂಡಿ, ಪಟ್ಟಿ, ಮದ್ದಿನ ಚೀಲ ಮೊದಲಾದುವುಗಳಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೆ ಈ ನಿಖರತೆಯೇ ರಸವಲ್ಲ. ನಾಟ್ಯವು ಅನುಕರಣವೆಂದು ಶಂಕುಕನು ಹೇಳಿದನು. ಚಿತ್ರದ ಕುದುರೆಯನ್ನು ನೋಡಿ ಕುದುರೆಯೆನ್ನುವಂತೆ ನಟನಲ್ಲಿ ರಾಮನನ್ನು ಕಾಣುತ್ತೇವೆಂಬುದು ಅವನ ದೃಷ್ಟಾಂತ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಖಂಡಿಸಿದನು. ರಾಮನ ಶೋಕವನ್ನು ಕಂಡವರಾರು? ಕಾಣದುದನ್ನು ಅನುಕರಿಸುವುದು ಹೇಗೆ? ಲೆಕ್ಸಿಂಗ್ಟನ್ನಿನವರು ಅಂಗಿಯನ್ನು ಅನುಕರಿಸಬಲ್ಲರು, ಅಂಗಿಯೊಳಗಿನ ಎದೆಬಡಿತವನ್ನಲ್ಲ.

ಪಾರ್ಕರನ ಮಾತಿನ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣಬರುತ್ತದೆ. ಕದಲದೆ ನಿಲ್ಲಿರಿ, ಅವರು ಯುದ್ಧವನ್ನೇ ಬಯಸುವುದಾದರೆ ಅದು ಇಲ್ಲಿಯೇ ಆರಂಭವಾಗಲಿ ಎಂಬ ಅರ್ಥದ ವೀರವಾಕ್ಯವು ಆ ಬಯಲಿನ ಬಂಡೆಯ ಮೇಲೆ ಅವನ ಹೆಸರಿನಲ್ಲಿ ಕೆತ್ತಲ್ಪಟ್ಟಿದೆ. ಆದರೆ ಪಾರ್ಕರನು ತಾನೇ ಘಟನೆಯ ಆರು ದಿನಗಳ ಮೇಲೆ ಪ್ರಮಾಣಪೂರ್ವಕವಾಗಿ ಕೊಟ್ಟ ಹೇಳಿಕೆಯು ಬೇರೆ: ಚದುರಿಹೋಗಿರಿ, ಗುಂಡು ಹಾರಿಸಬೇಡಿರಿ ಎಂದು ಅವನು ತನ್ನವರಿಗೆ ಆಜ್ಞೆಮಾಡಿದನಂತೆ. ಹಾಗಾದರೆ ಬಂಡೆಯ ಮಾತು ಎಲ್ಲಿಂದ ಬಂತು? 1822ರಲ್ಲಿ ಊರವರು ಈ ಕಾಳಗವನ್ನು ಆಡಿ ತೋರಿಸಿದಾಗ ಆಗ ಬದುಕಿದ್ದ ವಿಲಿಯಂ ಮನ್ರೋ ಎಂಬ ಹಳೆಯ ಯೋಧನು ದಳಪತಿಯ ಪಾತ್ರವನ್ನು ವಹಿಸಿ, ಆ ಮಾತನ್ನು ಆಡಿ, ಪಾರ್ಕರನು ಹೇಳಿದುದು ಇದೇ ಎಂದನೆಂದು ಪಾರ್ಕರನ ಮೊಮ್ಮಗ ಥಿಯೋಡೋರನು ಬರೆದಿದ್ದಾನೆ. ಪಾರ್ಕರನು ಕ್ಷಯದಿಂದ ನರಳುತ್ತ 1775ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದನಾದುದರಿಂದ ಇಲ್ಲವೆನ್ನಲು ಅವನಿರಲಿಲ್ಲ. ಮುದುಕನು ಸುಳ್ಳಾಡಿದನೆಂದು ಹೇಳಬೇಕಾಗಿಲ್ಲ. ಎರಡು ಮಾತುಗಳನ್ನೂ ಒಂದೇ ಗಳಿಗೆಯಲ್ಲಿ ಆಡಿರಬಹುದು. ಆದರೂ ಪ್ರಮಾಣಪತ್ರದಲ್ಲಿದ್ದ ಮಾತು ಕಲ್ಲಿಗೆ ಏರಲಿಲ್ಲ, ವೇಷಧಾರಿಯ ಬಾಯಿಂದ ಬಂದುದು ಏರಿತು. ಇಲ್ಲಿ ನಾಟಕವು ಚರಿತ್ರೆಯನ್ನು ಅನುಸರಿಸಿತೋ, ಚರಿತ್ರೆಯು ನಾಟಕವನ್ನು ಅನುಸರಿಸಿತೋ, ಸಹೃದಯರು ಯೋಚಿಸಲಿ.

ಬಯಲುನಾಟಕದ ಪ್ರಾಣವಿರುವುದು ವೀರವಾಕ್ಯದಲ್ಲಲ್ಲ, ಜೋನಾಥನ್ ಹ್ಯಾರಿಂಗ್ಟನ್ನನ ಮರಣದಲ್ಲಿ. ಗುಂಡು ತಗುಲಿದ ಅವನು ಬಯಲಿನ ಅಂಚಿನಲ್ಲಿದ್ದ ತನ್ನ ಮನೆಯ ಬಾಗಿಲವರೆಗೆ ತೆವಳಿಕೊಂಡು ಹೋಗಿ ಹೆಂಡತಿಯ ಕಾಲ ಬಳಿ ಪ್ರಾಣಬಿಟ್ಟನೆಂಬುದು ಐತಿಹ್ಯ. ಅದನ್ನು ಸಂಶಯಿಸುವ ಚರಿತ್ರಕಾರರೂ ಉಂಟು. ಆ ಮನೆಯು ಈಗಲೂ ಇದೆ. ಗುಂಡಿನ ಸದ್ದಿಗೆ ಹೋ ಎನ್ನುವ ಜನಸಂದಣಿಯು ನೆಲದ ಮೇಲೆ ತೆವಳುವ ಒಬ್ಬ ಮನುಷ್ಯನ ಮುಂದೆ ಏನೆಂದು ಕೂಗೀತು? ವೀರವು ಕರುಣಕ್ಕೆ ದಾರಿಬಿಡುವುದು ಅಲ್ಲಿಯೇ. ಆದರೆ ಸ್ವಲ್ಪ ಹೊತ್ತಿನಲ್ಲಿ ಸತ್ತವರೆಲ್ಲರೂ ಎದ್ದು ಬಟ್ಟೆ ಕೊಡವಿಕೊಳ್ಳುತ್ತಾರೆ. ಜನರು ಸಿಹಿದೋಸೆಯ ಉಪಾಹಾರಕ್ಕೆ ಹೊರಡುತ್ತಾರೆ. ಬಣ್ಣ ಕಳಚುವುದನ್ನು ಪ್ರೇಕ್ಷಕನಿಗೆ ತೋರಿಸದಿರುವುದು ನಮ್ಮ ಬಯಲಾಟದವರಿಗೆ ಗೊತ್ತಿರುವ ವಿವೇಕ.

ಕಾಂಕರ್ಡಿನ ಕ್ರಮವು ಬೇರೆ. ಅಲ್ಲಿಯ ಉತ್ತರ ಸೇತುವೆಯು 1959ರಲ್ಲಿ ಏರ್ಪಟ್ಟ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದುದು. ಎದುರುಬದುರಾಗಿ ಗುಂಡು ಹಾರಿಸುವುದನ್ನೂ ಸತ್ತಂತೆ ಬೀಳುವುದನ್ನೂ ಇಂತಹ ಉದ್ಯಾನಗಳಲ್ಲಿ ನಿಷೇಧಿಸಿದ್ದಾರೆ. ಅಪಾಯವೊಂದು ಕಾರಣ, ನಿಜವಾದ ಯುದ್ಧದ ದುಃಖವನ್ನು ಯಾವ ಆಟವೂ ತೋರಿಸಲಾರದೆಂಬುದು ಇನ್ನೊಂದು. ಯುದ್ಧ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದು ಭರತಮುನಿಯು ವಿಧಿಸಿದುದನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. (ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದಲ್ಲಿಯೇ ಸಾಯುತ್ತಾನೆ, ನಿಜ, ಭಾಸನಂತಹವರು ಮೀರಿದರೆ ಅದು ದೋಷವಾಗುವುದಿಲ್ಲ.) ಸೇತುವೆಯೂ ವೇಷಧಾರಿಯೇ: ಹಳೆಯದನ್ನು 1793ರಲ್ಲಿ ಕಿತ್ತುಹಾಕಿದರು, ಈಗಿನದನ್ನು ಕಟ್ಟಿದುದು 1956ರಲ್ಲಿ.

ಆದರೆ ಭರತನ ವಿಧಿಯಲ್ಲಿ ಇನ್ನೊಂದು ಅರ್ಧವಿದೆ. ತೋರಿಸಬಾರದುದನ್ನು ಪ್ರವೇಶಕದಿಂದ ಹೇಳಿಸಬೇಕು; ಮುಚ್ಚಿಡಬಾರದು. ಸೇತುವೆಯ ಹತ್ತಿರ ಗಾಯಗೊಂಡು ಬಿದ್ದಿದ್ದ ಒಬ್ಬ ಇಂಗ್ಲಿಷ್ ಸಿಪಾಯಿಯ ತಲೆಯನ್ನು ಊರಿನ ಹುಡುಗನೊಬ್ಬನು ಕೊಡಲಿಯಿಂದ ಹೊಡೆದನು. ಪಕ್ಕದ ಹಳೆಯ ಪಾದ್ರಿಯ ಮನೆಯಲ್ಲಿ 1842ರಿಂದ 1845ರವರೆಗೆ ಬಾಡಿಗೆಗಿದ್ದ ಹಾಥಾರ್ನನು ಈ ಕಥೆಯನ್ನು ಲೋವೆಲ್ ಕವಿಯಿಂದ ಕೇಳಿ ಬರೆದಿಟ್ಟನು. ಕಾಳಗದ ಬೇರೆ ಯಾವ ಸಂಗತಿಯೂ ತನಗೆ ಇಷ್ಟು ಫಲ ಕೊಡಲಿಲ್ಲವೆಂದನು. ಆ ಹುಡುಗನ ಮುಂದಿನ ಬಾಳೆಲ್ಲ ಆ ರಕ್ತದ ಕಲೆಯಿಂದ ಹೇಗೆ ನೊಂದಿರಬಹುದೆಂದು ಊಹಿಸುತ್ತಿದ್ದನು. ಅದೇ ಮನೆಯನ್ನು ಕಟ್ಟಿಸಿದ ಪಾದ್ರಿಯ ಮೊಮ್ಮಗನೇ ಗೀತೆಯನ್ನು ಆದರದಿಂದ ಓದಿದ ಎಮರ್ಸನ್. 1837ರಲ್ಲಿ ಸೇತುವೆಯ ಸ್ಮಾರಕಕ್ಕಾಗಿ ಅವನು ರಚಿಸಿದ ಪದ್ಯವನ್ನು ಅಲ್ಲಿಯ ಮಕ್ಕಳೆಲ್ಲರೂ ಬಲ್ಲರು. ಹಾಥಾರ್ನನ ಗದ್ಯವಾದರೋ ಪುಸ್ತಕದಲ್ಲಿಯೇ ಉಳಿಯಿತು. ಮೆರವಣಿಗೆ, ಬಾವುಟ, ಕುಶಾಲುತೋಪುಗಳ ನಡುವೆ ಕೊಡಲಿಗೆ ಸ್ಥಳವಿಲ್ಲ.

ನದಿಯ ಆಚೆಯ ದಡದಲ್ಲಿ 1875ರಲ್ಲಿ ಡೇನಿಯಲ್ ಚೆಸ್ಟರ್ ಫ್ರೆಂಚನು ನಿಲ್ಲಿಸಿದ ಕಂಚಿನ ರೈತನಿದ್ದಾನೆ. ಒಂದು ಕೈ ನೇಗಿಲಿನ ಮೇಲೆ, ಇನ್ನೊಂದರಲ್ಲಿ ಬಂದೂಕು. ಈಚೆಯ ದಡದಲ್ಲಿ ಸಿಪಾಯಿಗಳ ಗೋರಿ. ಬಂದೂಕುಗಳು ಮೊಳಗುವುದಕ್ಕೆ ಮುಂಚೆ ಶಾಲೆಯ ಹುಡುಗನೊಬ್ಬನು ಆ ಗೋರಿಯ ಬಳಿ ನಿಂತು ಹಾಥಾರ್ನನು ಹೇಳಿದ ಕಥೆಯನ್ನು ಓದಿದರೆ, ಪ್ರವೇಶಕಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಾರದು.