ಪಾಡೂ ಸರಿ, ಪುಡಿಯೂ ಸರಿ ಎನ್ನುವ ಯಂತ್ರಗಳು

ಒಂದೇ ಯಂತ್ರದಲ್ಲಿ ಪಾಡನ್ನೂ (ಒಂದು ಲೋಟಕ್ಕೆಂದು ಅಳೆದು ಮುಚ್ಚಿಟ್ಟ ಪುಡಿಯ ಪೊಟ್ಟಣ) ಹಾಕಬಹುದು, ಪುಡಿಯನ್ನೂ ಹಾಕಬಹುದು ಎಂಬ ಭರವಸೆಯ ಮೇಲೆ ಮಾರಾಟವಾಗುವ ಕಾಫಿ ಯಂತ್ರಗಳು ಅಮೆರಿಕದಲ್ಲಿ ಹಲವು. ಕ್ಯೂರಿಗ್ ಕಂಪನಿಯ ಕೆ-ಡ್ಯುಯೊ, ಹ್ಯಾಮಿಲ್ಟನ್ ಬೀಚ್‌ನ ಫ್ಲೆಕ್ಸ್‌ಬ್ರೂ ಈ ಬಗೆಯವು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಈ ಭರವಸೆ ಇನ್ನೂ ಹಿತವಾಗಿ ಕೇಳಿಸುತ್ತದೆ: ಬೆಳಿಗ್ಗೆ ಕೆಲಸಕ್ಕೆ ಓಡುವವರಿಗೆ ಪಾಡ್, ಊರಿನಿಂದ ತಂದ ಪುಡಿಯ ಕಾಫಿಯೇ ಬೇಕೆನ್ನುವವರಿಗೆ ಪುಡಿ. ಆದರೆ ಈ ಭರವಸೆಯನ್ನು ಒರೆಗೆ ಹಚ್ಚುವಾಗ ಎಲ್ಲಿಂದ ಶುರುಮಾಡಬೇಕು ಎಂಬುದು ಮುಖ್ಯ. ಪಾಡಿನ ಕೆಲಸವನ್ನು ಇಂಥ ಯಾವ ಯಂತ್ರವಾದರೂ ಸುಮಾರಾಗಿ ಒಂದೇ ಥರ ಮಾಡುತ್ತದೆ, ಯಾಕೆಂದರೆ ಅಳತೆ, ಪುಡಿಯ ನುಣುಪು, ಸೋಸುವ ಕಾಗದ ಎಲ್ಲವೂ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತವೆ. ಯಂತ್ರದ ನಿಜವಾದ ಯೋಗ್ಯತೆ ಗೊತ್ತಾಗುವುದು ನಮ್ಮ ಕೈಯಾರೆ ಹಾಕಿದ ಪುಡಿಯನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎನ್ನುವುದರಲ್ಲಿ. ಆದ್ದರಿಂದ ನನ್ನ ವಾದ ಇಷ್ಟೇ: ಬಹುಮುಖ ಯಂತ್ರ ಬೇಕೆನ್ನುವವರು ಪುಡಿಗೆ ಒಳ್ಳೆಯ ಯಂತ್ರವನ್ನು ಆರಿಸಬೇಕು, ಪಾಡ್ ಅದರ ಮೇಲಿನ ಸೌಕರ್ಯವಾಗಿರಬೇಕು.

ಕ್ಯೂರಿಗ್‌ನ ಪಾಡಾದ ಕೆ-ಕಪ್ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಅದೊಂದು ಪುಟ್ಟ ಪ್ಲಾಸ್ಟಿಕ್ ಲೋಟ. ಒಳಗೆ ಕಾಗದದ ಸೋಸು, ಅದರಲ್ಲಿ ಸುಮಾರು 10 ಗ್ರಾಂ ಪುಡಿ, ಮೇಲೆ ತೆಳುವಾದ ಹಾಳೆಯ ಮುಚ್ಚಳ. ಯಂತ್ರದ ಹಿಡಿ ಒತ್ತಿದಾಗ ಮೇಲಿನಿಂದ ಒಂದು ಸೂಜಿ, ಕೆಳಗಿನಿಂದ ಇನ್ನೊಂದು ಸೂಜಿ ಲೋಟವನ್ನು ಚುಚ್ಚುತ್ತವೆ. ಮೇಲಿನದರಿಂದ ಬಿಸಿನೀರು ನುಗ್ಗಿ, ಕೆಳಗಿನದರಿಂದ ಒಂದು ನಿಮಿಷದ ಆಸುಪಾಸಿನಲ್ಲಿ ಕಾಫಿ ಇಳಿಯುತ್ತದೆ. ಈ ವೇಗಕ್ಕೆ ತಕ್ಕ ಹಾಗೆ ಪುಡಿಯನ್ನು ಬೀಸಿರುತ್ತಾರೆ. ಈಗ ಅದೇ ಜಾಗದಲ್ಲಿ ಮರುಬಳಕೆಯ ಜಾಲರಿ ಲೋಟವನ್ನಿಟ್ಟು ನಮ್ಮ ಫಿಲ್ಟರ್ ಕಾಫಿ ಪುಡಿ ತುಂಬಿದರೆ ಲೆಕ್ಕವೆಲ್ಲ ತಪ್ಪುತ್ತದೆ. ನಮ್ಮ ಪುಡಿ ನುಣ್ಣಗಿರುವುದು ನಿಧಾನವಾಗಿ ತೊಟ್ಟಿಕ್ಕುವುದಕ್ಕೆಂದು. ಅದರಲ್ಲಿ ಚಿಕೋರಿಯೂ ಸೇರಿರುತ್ತದೆ. ನಮ್ಮ ಆಹಾರ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇದ್ದರೆ ಸಾಕು, ಉಳಿದದ್ದು ಚಿಕೋರಿಯಾಗಬಹುದು. ಚಿಕೋರಿ ನೀರು ಕುಡಿದು ಮೆತ್ತಗಾಗಿ ದಾರಿ ಕಟ್ಟುತ್ತದೆ. ಒತ್ತಿ ತುಂಬಿದರೆ ನೀರು ಹಾಯುವುದಿಲ್ಲ, ಸಡಿಲವಾಗಿ ತುಂಬಿದರೆ ತೆಳ್ಳಗಿನ ಕಾಫಿಯ ಜೊತೆಗೆ ಚರಟವೂ ಲೋಟಕ್ಕಿಳಿಯುತ್ತದೆ. ಇದು ಪುಡಿಯ ದೋಷವಲ್ಲ. ಪಾಡಿಗೆಂದು ಮಾಡಿದ ದಾರಿಯಲ್ಲಿ ಪುಡಿಯನ್ನು ತೂರಿಸಿದ್ದರ ಫಲ.

ಇದಕ್ಕಿಂತ ದೊಡ್ಡ ಸಮಸ್ಯೆ ಹದದ್ದು. ಸ್ಪೆಷಾಲಿಟಿ ಕಾಫಿ ಲೋಕದ ರೂಢಿಯ ಅಳತೆ ಲೀಟರ್ ನೀರಿಗೆ ಸುಮಾರು 55 ಗ್ರಾಂ ಪುಡಿ. 10 ಗ್ರಾಂನ ಪಾಡಿನ ಮೇಲೆ 240 ಮಿಲಿಲೀಟರ್ ನೀರು ಬಿಟ್ಟರೆ ಲೀಟರಿಗೆ 42 ಗ್ರಾಂ ಆಯಿತು. ಹಾಲಿಲ್ಲದೆ ಕುಡಿಯುವವರಿಗೇ ಅದು ತೆಳು. ನಾವು ಡಿಕಾಕ್ಷನ್ನಿಗೆ 30 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು ಹಾಕಿದೆವೆಂದುಕೊಳ್ಳಿ, ಒಂದಕ್ಕೆ ಐದು. ಅಷ್ಟು ಗಟ್ಟಿ ಇರುವುದರಿಂದಲೇ ಅದರ ಎರಡು ಮೂರರಷ್ಟು ಹಾಲು ಬೆರೆಸಿದರೂ ಕಾಫಿಯ ಘಮ, ಕಹಿ ಉಳಿಯುತ್ತವೆ. ಪಾಡಿನಿಂದ ಒಂದಕ್ಕೆ ಇಪ್ಪತ್ತನಾಲ್ಕರ ಪ್ರಮಾಣದಲ್ಲಿ ಇಳಿದ ಕಾಫಿಗೆ ಹಾಲು ಬೆರೆಸಿದರೆ ಸಿಗುವುದು ಕಾಫಿ ಬಣ್ಣದ ಹಾಲು. ಈ ದೃಷ್ಟಿಯಿಂದ ಎಸ್‌ಪ್ರೆಸೊ ಬಗೆಯ ಯಂತ್ರ ನಮಗೆ ಹೆಚ್ಚು ಹತ್ತಿರ. ನೆಸ್‌ಪ್ರೆಸೊ ಕಂಪನಿಯ ಹಳೆಯ ಮಾದರಿಯ ಕ್ಯಾಪ್ಸೂಲ್ ಎಂಬ ಪಾಡಿನಲ್ಲಿ 5ರಿಂದ 6 ಗ್ರಾಂ ಮಾತ್ರ ಪುಡಿಯಿದ್ದರೂ ಇಳಿಯುವುದು 40 ಮಿಲಿಲೀಟರ್, ಅಂದರೆ ಒಂದಕ್ಕೆ ಏಳರ ಸುಮಾರು. ಹಾಲಿನ ಕಾಫಿ ಕುಡಿಯುವವರು ಯಂತ್ರದ ಗಾತ್ರ, ಗುಂಡಿಗಳ ಸಂಖ್ಯೆ ನೋಡುವ ಮೊದಲು, ಅದು ಬಿಡುವ ಅತಿ ಕಡಿಮೆ ನೀರಿನ ಅಳತೆ ಎಷ್ಟು, ಹಿಡಿಸುವ ಅತಿ ಹೆಚ್ಚು ಪುಡಿ ಎಷ್ಟು ಎಂಬ ಎರಡು ಅಂಕಿಗಳನ್ನು ನೋಡಬೇಕು.

ಈ ಅಳತೆಗೋಲಿನಿಂದ ಎರಡು ಅಮೆರಿಕನ್ ಮಾದರಿಗಳನ್ನು ಹೋಲಿಸಬಹುದು. ಕೆ-ಡ್ಯುಯೊದಲ್ಲಿ ಪುಡಿಗೆ ಪ್ರತ್ಯೇಕ ಬುಟ್ಟಿಯಿದೆ, ಆದರೆ ಅದು ಜಗ್ ತುಂಬಿಸುವ ಬದಿಯಲ್ಲಿ. ಒಬ್ಬರಿಗೆ ಮಾತ್ರ ಪುಡಿಯ ಕಾಫಿ ಬೇಕಾದರೆ ಪಾಡಿನ ಬದಿಗೆ ಬಂದು ಮೈ ಕೆ-ಕಪ್ ಎಂಬ ಮರುಬಳಕೆ ಲೋಟದ ಮೊರೆಹೋಗಬೇಕು. ಎರಡು ಬದಿಯ ಫ್ಲೆಕ್ಸ್‌ಬ್ರೂ ಮಾದರಿಯಲ್ಲಿ ಒಂಟಿ ಲೋಟದ ಕಡೆಗೂ ಪುಡಿಗೆಂದೇ ಬೇರೆ ಬುಟ್ಟಿ ಕೊಟ್ಟಿದ್ದಾರೆ. ಪುಡಿ ಹಾಕುವಾಗ ಸೂಜಿ ಇರುವ ಹಿಡಿಕೆಯನ್ನೇ ತೆಗೆದಿಡಬಹುದು. ಹೆಸರು ದೊಡ್ಡದಲ್ಲದಿದ್ದರೂ ಬಹುಮುಖತೆಯ ಮಾತಿಗೆ ಹೆಚ್ಚು ನಿಷ್ಠವಾದದ್ದು ಈ ಎರಡನೆಯ ವಿನ್ಯಾಸ. ಎಸ್‌ಪ್ರೆಸೊ ವರ್ಗದಲ್ಲಿ ಡೆಲೋಂಗಿಯ ಡೆಡಿಕಾ ಇದೇ ಕಾರಣಕ್ಕೆ ಗಮನಾರ್ಹ. ಪುಡಿ ತುಂಬುವ ಹಿಡಿಕೆಯಲ್ಲೇ ಬೇರೆ ಜಾಲರಿ ಹಾಕಿದರೆ 44 ಮಿಲಿಮೀಟರ್ ಅಗಲದ, 7 ಗ್ರಾಂ ಪುಡಿಯ ಕಾಗದದ ಇ.ಎಸ್.ಇ. ಪಾಡನ್ನೂ ಅದು ಸ್ವೀಕರಿಸುತ್ತದೆ. ಇಲ್ಲಿ ಪುಡಿ ಯಂತ್ರಕ್ಕೆ ಪಾಡ್ ಹೊಂದಿಕೊಂಡಿದೆ. ನಮ್ಮ ನುಣ್ಣನೆಯ ಚಿಕೋರಿ ಪುಡಿ ಈ ಯಂತ್ರದಲ್ಲೂ ಕಟ್ಟಿಕೊಳ್ಳುತ್ತದೆ. ಇದಕ್ಕೆ ಚಿಕೋರಿ ಇಲ್ಲದ ಪುಡಿಯನ್ನೇ, ಎಸ್‌ಪ್ರೆಸೊ ಹದಕ್ಕೆ ಬೀಸಿಸಿ ತರಬೇಕು.

ಪಾಡಿಗೆ ಮೊದಲ ಸ್ಥಾನ ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ: ಯಾವ ಕಾಫಿ ಕುಡಿಯಬೇಕೆಂಬ ತೀರ್ಮಾನ ಯಂತ್ರ ಮಾಡಿದವರ ಕೈಗೆ ಹೋಗುತ್ತದೆ. ಕೆ-ಕಪ್‌ನ ಮುಖ್ಯ ಪೇಟೆಂಟುಗಳು 2012ರಲ್ಲಿ ಮುಗಿದ ಮೇಲೆ ಬೇರೆ ಕಂಪನಿಗಳ ಪಾಡುಗಳು ಬಂದವು. 2014ರಲ್ಲಿ ಬಂದ ಕ್ಯೂರಿಗ್ 2.0 ಯಂತ್ರ ಮುಚ್ಚಳದ ಮೇಲಿನ ವಿಶೇಷ ಶಾಯಿಯನ್ನು ಓದಿ, ಗುರುತಿಲ್ಲದ ಪಾಡನ್ನು ತಿರಸ್ಕರಿಸುತ್ತಿತ್ತು. ಪುಡಿ ಹಾಕುವ ಮರುಬಳಕೆ ಲೋಟಕ್ಕೂ ಅದರಲ್ಲಿ ಜಾಗವಿರಲಿಲ್ಲ. ಗ್ರಾಹಕರು ತಿರುಗಿಬಿದ್ದರು, ಮಾರಾಟ ಕುಸಿಯಿತು, 2015ರಲ್ಲಿ ಕಂಪನಿಯ ಮುಖ್ಯಸ್ಥರೇ ತಪ್ಪಾಯಿತೆಂದು ಒಪ್ಪಿಕೊಂಡು ಆ ಲೋಟವನ್ನು ಮರಳಿ ತರುವುದಾಗಿ ಹೇಳಿದರು. ನೆಸ್‌ಪ್ರೆಸೊ 2014ರಲ್ಲಿ ಹೊರತಂದ ವರ್ಟುವೊ ಯಂತ್ರವಂತೂ ಕ್ಯಾಪ್ಸೂಲಿನ ಅಂಚಿನ ಬಾರ್‌ಕೋಡ್ ಓದಿಯೇ ಕೆಲಸ ಶುರುಮಾಡುತ್ತದೆ. ಯಂತ್ರವನ್ನು ದುಡ್ಡು ಕೊಟ್ಟು ಕೊಂಡವರು ಅದರೊಳಗೆ ಏನು ಹಾಕಬೇಕೆಂದು ಅನುಮತಿ ಕೇಳುವಂತಾಗಬಾರದು. ಪುಡಿಗೆ ಬಾರ್‌ಕೋಡ್ ಇಲ್ಲ. ಅದೇ ಅದರ ಸ್ವಾತಂತ್ರ್ಯ.

ಪಾಡಿನ ಪರವಾದ ವಾದಗಳು ಹುರುಳಿಲ್ಲದವೇನಲ್ಲ. ಒಂಟಿಯಾಗಿರುವ ವಯಸ್ಸಾದವರಿಗೆ, ಕೈ ನಡುಗುವವರಿಗೆ, ಪುಡಿ ಅಳೆದು, ಚರಟ ತೆಗೆದು, ಜಾಲರಿ ಉಜ್ಜುವ ಕೆಲಸವಿಲ್ಲದ ಕಾಫಿ ದೊಡ್ಡ ಉಪಕಾರ. ಅಂಥವರಿಗೆ ಪಾಡ್ ಯಂತ್ರವನ್ನೇ ಕೊಡಿಸುವುದು ಸರಿ. ಆಗ ಬಹುಮುಖತೆಯ ಪ್ರಶ್ನೆಯೇ ಏಳುವುದಿಲ್ಲ. ಇನ್ನೊಂದು ವಾದ ಪರಿಸರದ್ದು: ಜಗ್ ತುಂಬ ಮಾಡಿ ಅರ್ಧ ಚೆಲ್ಲುವುದಕ್ಕಿಂತ ಅಳೆದಿಟ್ಟ ಪಾಡಿನಲ್ಲಿ ಕಾಫಿ ಪೋಲಾಗುವುದು ಕಡಿಮೆ, ಬೆಳೆಯುವ ಹಂತದಲ್ಲಿ ಆಗುವ ಖರ್ಚನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಒಪ್ಪುವ ಮಾತೇ. ಆದರೆ ಪೋಲು ತಪ್ಪಿಸಿದ್ದು ಅಳತೆ, ಪ್ಲಾಸ್ಟಿಕ್ ಅಲ್ಲ. ಒಂದು ಚಮಚದಿಂದ ಅದೇ ಅಳತೆ ಸಾಧ್ಯ. ಪಾಡಿನ ಕಸದ ಮಾತಿಗೆ ಬಂದರೆ, ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ಸರ್ಕಾರಿ ಹಣದಿಂದ ಕಾಫಿ ಕ್ಯಾಪ್ಸೂಲ್ ಕೊಳ್ಳುವುದನ್ನು ನಿಲ್ಲಿಸಿತು. ಕೆ-ಕಪ್ ರೂಪಿಸಿದ ಜಾನ್ ಸಿಲ್ವನ್ ಅವರೇ ಅದನ್ನು ಮಾಡಿದ್ದಕ್ಕೆ ಕೆಲವೊಮ್ಮೆ ಬೇಸರವಾಗುತ್ತದೆ ಎಂಬರ್ಥದಲ್ಲಿ 2015ರಲ್ಲಿ ಮಾತಾಡಿದ್ದಾರೆ. ಪಾಡುಗಳನ್ನು ಮರುಬಳಕೆಗೆ ಕಳಿಸಬಹುದು ಎನ್ನುತ್ತಾರೆ, ನಿಜ. ಅದಕ್ಕಾಗಿ ಮುಚ್ಚಳ ಸುಲಿದು, ಚರಟ ತೆಗೆದು, ಲೋಟ ತೊಳೆಯಬೇಕಾದರೆ ಉಳಿದ ಸೌಕರ್ಯವೇನು?

ಸ್ಟೀಲ್ ಫಿಲ್ಟರ್ ಇರುವಾಗ ಯಂತ್ರವೇ ಯಾಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಚಿಕೋರಿ ಬೆರೆತ ಪುಡಿಗೆ, ಹಾಲಿನ ಕಾಫಿಗೆ ಅದಕ್ಕಿಂತ ಒಳ್ಳೆಯ ಸಾಧನವನ್ನು ಯಾವ ಕಂಪನಿಯೂ ಈವರೆಗೆ ಕೊಟ್ಟಿಲ್ಲ. ಅದನ್ನಷ್ಟೇ ಕುಡಿಯುವ ಮನೆ ಯಂತ್ರಕ್ಕೆ ಹಣ ಹಾಕಬೇಕಿಲ್ಲ. ಆದರೆ ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳ ಅರೇಬಿಕಾವನ್ನು ಚಿಕೋರಿ ಇಲ್ಲದೆ, ಹದವಾಗಿ ಹುರಿದು ಮಾರುವವರು ಈಗ ಹಲವರಿದ್ದಾರೆ. ಆ ಕಾಫಿಯ ನವಿರು ರುಚಿಗಳು ಹಾಲಿಲ್ಲದ ಲೋಟದಲ್ಲಿ, ಸರಿಯಾದ ಬಿಸಿಯ ನೀರಿನಲ್ಲಿ ತೆರೆದುಕೊಳ್ಳುತ್ತವೆ. ಯಂತ್ರಕ್ಕೆ ನಮ್ಮ ಮನೆಗಳಲ್ಲಿ ನ್ಯಾಯವಾದ ಕೆಲಸವಿರುವುದು ಅಲ್ಲಿ.

ಕೊಳ್ಳುವ ಮುನ್ನ ಇನ್ನೆರಡು ವ್ಯಾವಹಾರಿಕ ವಿಷಯಗಳು. ಅಮೆರಿಕದ ಯಂತ್ರ 120 ವೋಲ್ಟಿನದು, ನಮ್ಮದು 230. ನೀರು ಕಾಯಿಸುವ ಇಂಥ ಯಂತ್ರಗಳು 1500 ವ್ಯಾಟ್‌ವರೆಗೂ ಎಳೆಯುವುದರಿಂದ ಊರಿಗೆ ತಂದರೆ ಯಂತ್ರಕ್ಕಿಂತ ಭಾರದ ಟ್ರಾನ್ಸ್‌ಫಾರ್ಮರ್ ಇಡಬೇಕಾದೀತು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಅದನ್ನು ತೆಗೆಯುವ ವ್ಯವಸ್ಥೆ ಸುಲಭವಾಗಿದೆಯೇ ನೋಡಿಕೊಳ್ಳಬೇಕು. ಬೆಲೆ ಹೋಲಿಸುವಾಗ ಪಾಡಿನ ಬೆಲೆಯನ್ನು ಅದರೊಳಗಿನ ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋಗೆ ಎಷ್ಟು ಬಿತ್ತು ಎಂದು ತಿಳಿಯುತ್ತದೆ. ಪುಡಿ ಅಂಗಡಿಯ ದರದ ಪಕ್ಕ ಅದನ್ನಿಟ್ಟು ನೋಡಿ. ಇಷ್ಟಾದ ಮೇಲೆ ಆಯ್ಕೆ ಕಷ್ಟವಲ್ಲ. ಪುಡಿಗೆ ತನ್ನದೇ ಬುಟ್ಟಿ, ತನ್ನದೇ ದಾರಿ ಇರುವ, ಯಾರ ಪಾಡನ್ನಾದರೂ ಒಪ್ಪುವ, ನೀರಿನ ಅಳತೆಯನ್ನು ನಮಗೇ ಬಿಡುವ ಯಂತ್ರವನ್ನು ಕೊಳ್ಳಬಹುದು. ಪಾಡ್ ತಯಾರಿಸುವ ಕಂಪನಿ ನಾಳೆ ತನ್ನ ಮಾದರಿಯನ್ನೇ ಬದಲಾಯಿಸಿದರೂ ಅಂಥ ಯಂತ್ರ ಕಾಫಿ ಮಾಡುತ್ತಲೇ ಇರುತ್ತದೆ.